ತ್ರೀಫೇಸ್ ಕರೆಂಟು ಮತ್ತು ನಮ್ಮ ಹುಡುಗನ ಹೊಟ್ಟೆ

ಆ ವರ್ಷ ಬೆಳಗಾದರೆ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ: "ಆಯ್ತಾ?" ನಮ್ಮ ಯಜಮಾನರು ತೋಟದಿಂದ ಫೋನ್ ಮಾಡಿ ಕೇಳುತ್ತಿದ್ದರು. ಅಜ್ಜಂಪುರದಿಂದ ನನ್ನ ಅಮ್ಮ ಕೇಳುತ್ತಿದ್ದಳು. ಡೈರಿಗೆ ಹಾಲು ಹಾಕಲು ಹೋದರೆ, ನಾನು ಕ್ಯಾನು ಕೆಳಗಿಡುವ ಮೊದಲೇ ಸಾಲಿನಲ್ಲಿದ್ದ ಹೆಂಗಸರು, "ಏನೇ, ಆಯ್ತೇನೇ?" ಅನ್ನುತ್ತಿದ್ದರು. ಹೊರಗಿನವರು ಕೇಳಿಸಿಕೊಂಡರೆ ಯಾವುದೋ ಹೆಣ್ಣು ನೋಡುವ ಶಾಸ್ತ್ರವೋ ಕೋರ್ಟು ಕೇಸೋ ಎಂದುಕೊಳ್ಳಬೇಕು. ಅದೇನೂ ಅಲ್ಲ. ನನ್ನ ಐದು ವರ್ಷದ ಮಗನಿಗೆ ಕಕ್ಕ ಆಯಿತೇ ಎಂದು ಸಿಂಗಟಗೆರೆ ಆಸುಪಾಸಿನ ಅರ್ಧ ಜನ ಚಿಂತೆಯಲ್ಲಿದ್ದರು. ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದೂ ಮುಗಿದುಹೋಯಿತು.

ಮಗನಿಗೆ ಆಟಿಸಂ ಇದೆ. ಮಾತಿಲ್ಲ. ಬಿಳಿಯದು ಬಿಟ್ಟರೆ ಬೇರೇನೂ ಅವನ ಬಾಯಿಗೆ ಹೋಗುತ್ತಿರಲಿಲ್ಲ: ಅನ್ನ, ಹಾಲು, ಮಂಡಕ್ಕಿ. ಮಂಡಕ್ಕಿಯಲ್ಲೂ ಒಂದು ಕಾಳು ಕೆಂಪಗಿದ್ದರೆ ಅದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟು ಹೋಗುತ್ತಿದ್ದ, ತಿನ್ನುವುದಾದರೆ ನೀನೇ ತಿನ್ನು ಎಂಬ ಹಾಗೆ. ಸೊಪ್ಪಿಲ್ಲ, ಕಾಳಿಲ್ಲ, ಹಣ್ಣಿಲ್ಲ. ಹೊಟ್ಟೆ ಕಟ್ಟಿಕೊಳ್ಳದೆ ಇನ್ನೇನಾದೀತು? ಒಂದು ಸಲ ಗಟ್ಟಿಯಾಗಿ ಬಂದು ನೋವಾಯಿತು. ಅಂದಿನಿಂದ ಬಂದರೂ ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಬಿಗಿದು ತಡೆಯುವುದನ್ನು ಕಲಿತ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಭಯ. ಇಂಥ ಮಕ್ಕಳಲ್ಲಿ ಕೆಲವರಿಗೆ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಸರಿಯಾಗಿ ತಿಳಿಯುವುದೇ ಇಲ್ಲ ಎಂದು ಕಡೂರಿನ ಮಕ್ಕಳ ಡಾಕ್ಟರು ಹೇಳಿದ್ದರು. ಇನ್ನು ನಮಗೆ ಹೇಳುವುದೆಲ್ಲಿಂದ ಬಂತು? ಹೊಟ್ಟೆ ನೋವು ಬಂದರೆ ನನ್ನ ಮಗ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ದಡ್ಡಿ, ತಲೆಗೆ ಎಣ್ಣೆ ತಟ್ಟುತ್ತಾ ಕೂರುತ್ತಿದ್ದೆ.

ಹಿಂದಿನ ವರ್ಷ ಹೀಗೇ ಆಗಿ, ದೊಡ್ಡಾಸ್ಪತ್ರೆಗೆ ಸೇರಿಸಿ ಎನಿಮಾ ಕೊಡಿಸಬೇಕಾಯಿತು. ನಾಲ್ಕು ಜನ ಅವನ ಕೈಕಾಲು ಹಿಡಿದಿದ್ದರು, ಅದರಲ್ಲಿ ನಾನೂ ಒಬ್ಬಳು. ಯಾರದ್ದೂ ತಪ್ಪಿಲ್ಲ, ಬೇರೆ ದಾರಿಯಿರಲಿಲ್ಲ. ಆದರೆ ಆಮೇಲೆ ಎರಡು ತಿಂಗಳು ಮಗ ನನ್ನನ್ನು ಹತ್ತಿರ ಸೇರಿಸಲಿಲ್ಲ. ಚಡ್ಡಿ ಹಾಕಲು ಹೋದರೆ ಗೋಡೆಗೆ ಒತ್ತಿಕೊಂಡು ಚೀರುತ್ತಿದ್ದ. ಹೆತ್ತವಳನ್ನು ಕಂಡು ಮಗು ಹೆದರುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ. ಈಗ ಮತ್ತೆ ಆರನೇ ದಿನ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಮಲ ಮೆತ್ತಗಾಗೋ ಪೌಡರ್ ಜಾಸ್ತಿ ಮಾಡಿದೀನಿ. ನಾಳೆ ಬೆಳಿಗ್ಗೆವರ್ಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಲೇಬೇಕಮ್ಮ" ಅಂದರು. ಬಸ್ಸಿನಲ್ಲಿ ಕಡೂರಿನಿಂದ ಊರವರೆಗೂ ನಾನು ಯಾರ ಮುಖವನ್ನೂ ನೋಡಲಿಲ್ಲ.

ಮನೆಗೆ ಬಂದರೆ ಆಗಲೇ ಯುದ್ಧ ಶುರುವಾಗಿತ್ತು. ಸುದ್ದಿ ತಿಳಿದ ನನ್ನ ಅಮ್ಮ ಅಜ್ಜಂಪುರದಿಂದ ಸಿಕ್ಕ ಬಸ್ಸು ಹತ್ತಿ, ಕಂಕುಳಲ್ಲಿ ಪರಂಗಿ ಹಣ್ಣು ಇಟ್ಟುಕೊಂಡು ಬಂದಿಳಿದಿದ್ದಳು. ಇತ್ತ ನಮ್ಮ ಅತ್ತೆ ಹರಳೆಣ್ಣೆ ಬಿಸಿ ಮಾಡಿಕೊಂಡು, ಹೊಕ್ಕುಳಿಗೆ ಹಚ್ಚಲು ಹೊಕ್ಕುಳಿನ ದಾರಿ ಕಾಯುತ್ತಾ ಕೂತಿದ್ದರು.

"ಬೀಗ್ರೇ, ಹೊಟ್ಟೆ ಮೇಲೆ ಹಚ್ಚಿದ್ರೆ ಒಳಗಿಂದು ಹೆಂಗ್ ಕರಗ್ತದೆ? ಹಣ್ಣು ತಿನ್ಸಿ" ಎಂದಳು ನನ್ನ ಅಮ್ಮ.

"ತಿನ್ಸಿ ನೋಡಣ, ನೀವೇ ತಿನ್ಸಿ. ನಾನೇನ್ ಬ್ಯಾಡ ಅಂದ್ನಾ?" ಎಂದು ಅತ್ತೆ ಸೆರಗು ಕೊಡವಿದರು.

ಅಮ್ಮ ಅನ್ನದ ತುತ್ತಿನ ನಡುವೆ ಪರಂಗಿಯ ಚೂರು ಹುದುಗಿಸಿ ಕೊಟ್ಟಳು. ಮಗ ತುತ್ತನ್ನು ತಪಾಸಣೆಯವರಂತೆ ಬಿಡಿಸಿ, ಹಣ್ಣಿನ ಚೂರು ಎತ್ತಿ ಅವಳ ಅಂಗೈಗಿಟ್ಟ. ಅತ್ತೆ ನಕ್ಕರು ನೋಡಿ, ಆ ನಗುವಿಗೆ ಅಮ್ಮ ಮಧ್ಯಾಹ್ನದವರೆಗೂ ಅವರ ಜೊತೆ ಮಾತಾಡಲಿಲ್ಲ. ತರೀಕೆರೆಯ ನಾದಿನಿ ಬಾತುಕೋಳಿ ಆಕಾರದ ಹಳದಿ ಕಮೋಡೊಂದನ್ನು ಕಳಿಸಿದ್ದಳು. ಅದರಲ್ಲಿ ನಮ್ಮ ಹುಡುಗ ಮಂಡಕ್ಕಿ ತುಂಬಿಟ್ಟಿದ್ದ. ಡಾಕ್ಟರ ಪೌಡರ್ ಕಲಸಿದ ನೀರನ್ನು ಮಾತ್ರ ಅವನದೇ ಸ್ಟೀಲ್ ಲೋಟದಲ್ಲಿ ಕೊಟ್ಟಾಗ ಕುಡಿದ. ಅಲ್ಲಿಯವರೆಗೆ ಆ ದಿನದ ಗೆಲುವು ಅದೊಂದೇ.

ಮಧ್ಯಾಹ್ನ ಮೂರು ಗಂಟೆಗೆ ತ್ರೀಫೇಸ್ ಕರೆಂಟು ಬಂತು. ನಮ್ಮ ಕಡೆ ತೋಟದ ಮೋಟ್ರಿಗೆ ಬೇಕಾದ ಕರೆಂಟು ದಿನವೆಲ್ಲ ಇರುವುದಿಲ್ಲ, ಪಾಳಿಯ ಮೇಲೆ ಕೊಡುತ್ತಾರೆ. ಹಾಗಾಗಿ ಆಟೋ ಸ್ಟಾರ್ಟರ್ ಹಾಕಿಸಿಬಿಟ್ಟಿರುತ್ತೇವೆ, ಕರೆಂಟು ಬಂದ ತಕ್ಷಣ ಮೋಟ್ರು ತಾನೇ ಓಡುತ್ತದೆ. ಮನೆಯ ಹಿಂದೆಯೇ ತೆಂಗಿನ ತೋಟ, ಅಲ್ಲೊಂದು ಸಿಮೆಂಟಿನ ತೊಟ್ಟಿ. ಪೈಪಿನಿಂದ ನೀರು ತೊಟ್ಟಿಗೆ ಧಬಧಬ ಬೀಳುವುದನ್ನು ನೋಡುವುದೆಂದರೆ ನನ್ನ ಮಗನಿಗೆ ಪ್ರಾಣ. ಮೋಟ್ರಿನ ಸದ್ದು ಕೇಳಿದ್ದೇ ತಡ, ಅತ್ತೆಯ ಎಣ್ಣೆ ಕೈಯಿಂದ ಜಾರಿ ಓಡಿದ. ನಾನು ಹಿಂದೆ ಓಡಿದೆ. ನೋಡುತ್ತೇನೆ, ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾನೆ! ಕಣ್ಣು ನೀರಿನ ಮೇಲೆ, ಭುಜ ಸಡಿಲ, ಬಿಗಿದುಕೊಂಡಿದ್ದ ಕಾಲು ಬಿಟ್ಟಿದ್ದಾನೆ. ಮೆಲ್ಲಗೆ ಚಡ್ಡಿ ಜಾರಿಸಿದೆ. ಚೀರಲಿಲ್ಲ. ಮುಖ ಕೆಂಪಗಾಯಿತು, ತಿಣುಕಿದ. ಶಿವನೇ ಶಿವನೇ ಎಂದು ಉಸಿರು ಬಿಗಿ ಹಿಡಿದು ನಿಂತೆ.

ಕರೆಂಟು ಹೋಯಿತು.

ನೀರು ಸಣ್ಣಗಾಯಿತು, ತೊಟ್ಟಿಕ್ಕಿತು, ನಿಂತಿತು. ಮಗ ಪೈಪನ್ನು ಒಮ್ಮೆ ನೋಡಿ ಎದ್ದು ಚಡ್ಡಿ ಏರಿಸಿಕೊಂಡ. ನಾನು ಆಗ ಕರೆಂಟಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ. ಹಿಂದೆಯೇ ಬಂದಿದ್ದ ನನ್ನ ಅಮ್ಮ ಕಿವಿ ಮುಚ್ಚಿಕೊಂಡಳು, ಅತ್ತೆ ಮಾತ್ರ ಇನ್ನೊಂದೆರಡು ಸೇರಿಸಿದರು.

"ರೀ, ಲೈನ್‌ಮನ್‌ಗೆ ಫೋನ್ ಮಾಡ್ರೀ!" ಎಂದು ಕೂಗಿದೆ. ನಮ್ಮ ಯಜಮಾನರು ಸಂಕೋಚದ ಮನುಷ್ಯ. ಆದರೂ ಮಾಡಿದರು, ಸ್ಪೀಕರ್ ಹಾಕಿಸಿದೆ.

"ಅಣ್ಣಾ, ಒಂದ್ ಹತ್ ನಿಮಿಷ ತ್ರೀಫೇಸ್ ಕೊಡಕ್ಕಾಗ್ತದಾ?"

"ಎಮ್ಮೆದೊಡ್ಡಿ ಕಡೆ ಕಂಬದ್ ಮೇಲೆ ಜನ ಹತ್ತವ್ರೆ ಕಣಪ್ಪಾ. ಈಗ ಕೊಟ್ರೆ ಹೆಣ ಬೀಳ್ತವೆ. ಏನ್ ಒಣಗ್ತಾ ಐತೆ ನಿಂದು, ಸಸಿನಾ?"

ಇವರು ಗಂಟಲು ಸರಿಮಾಡಿಕೊಂಡರು. "ಸಸಿ ಅಲ್ಲಣ್ಣ. ನಮ್ ಹುಡುಗ ಆರು ದಿವ್ಸದಿಂದ ಹೊರಕಡಿಕ್ಕೆ ಹೋಗಿಲ್ಲ. ಮೋಟ್ರು ನೀರು ಬಿದ್ರೆ ಕೂತ್ಕೊಂತಾನೆ."

ಬೈದು ಫೋನ್ ಇಡುತ್ತಾನೆ ಅಂದುಕೊಂಡೆ. ಲೈನ್‌ಮನ್ ನಿಧಾನಕ್ಕೆ ಹೇಳಿದ: "ಇಪ್ಪತ್ತು ವರ್ಷ ಆಯ್ತು ಸರ್ವೀಸು. ಇಂಥಾ ಕಂಪ್ಲೇಂಟು ಇದೇ ಮೊದ್ಲು. ಇವ್ರು ಇಳೀತಿದ್ದಂಗೇ ಹೇಳ್ತೀನಿ, ಹುಡುಗನ್ನ ರೆಡಿ ಮಾಡಿ ಇಟ್ಕಳಿ."

ಕಾಯುತ್ತಾ ಕೂರುವ ಜಾತಿಯವಳೇ ನಾನು? ಕಂಬದ ಮೇಲಿನವರು ಇಳಿಯುವುದು ಯಾವಾಗಲೋ. ಮೂಲೆಯಲ್ಲಿ ಬಿದ್ದಿದ್ದ ಪಿವಿಸಿ ಪೈಪಿನ ತುಂಡೊಂದನ್ನು ತೊಟ್ಟಿಗೆ ಓರೆಯಾಗಿ ಇಡಿಸಿದೆ. ಮೇಲಿನ ತುದಿಯಲ್ಲಿ ಕಲ್ಲಿನ ಮೇಲೆ ಅತ್ತೆ ನಿಂತರು, ಕೈಯಲ್ಲಿ ಕೊಡ. ಅಮ್ಮ ಕೆಳಗಿನಿಂದ ನೀರು ತುಂಬಿ ಕೊಡಬೇಕು. ನಮ್ಮ ಯಜಮಾನರು? ಅವರು ಮರದ ಮರೆಯಲ್ಲಿ ನಿಂತು ಬಾಯಲ್ಲಿ ಮೋಟ್ರಿನ ಸದ್ದು ಮಾಡಬೇಕು. "ಗೊಂಯ್ಯ್..." ಅಂದರು ಪಾಪ, ಪಂಚಾಯಿತಿಯಲ್ಲಿ ಕೂರುವ ಮನುಷ್ಯ. ಅಷ್ಟರಲ್ಲಿ "ಏನ್ ನಡೀತಾ ಐತೆ ಇಲ್ಲಿ?" ಎಂದು ಪಕ್ಕದ ತೋಟದ ಗಂಡಹೆಂಡತಿ ಬಂದರು. ಅವರ ಕೈಗೂ ಒಂದೊಂದು ಬಕೆಟ್ ಕೊಟ್ಟೆ.

ನೀರು ಸುರಿಯಿತು. ಮಗ ಬಂದು ನೋಡಿದ. ನಂಬಲಿಲ್ಲ. ಪೈಪಿನ ಬಾಯಿಗೆ ಕಣ್ಣಿಟ್ಟು ಒಳಗೆ ಇಣುಕಿದ, ಆ ತುದಿಯಲ್ಲಿ ಅಜ್ಜಿಯ ಮುಖ ಕಂಡಿರಬೇಕು. ಅದೇ ಗಳಿಗೆಗೆ ಅತ್ತೆ ಮುಂದಿನ ಕೊಡ ಬಗ್ಗಿಸಿದರು, ನೀರೆಲ್ಲ ಅವನ ಮುಖಕ್ಕೆ. ಚೀರುತ್ತಾನೆ ಎಂದು ನಾನು ಧಾವಿಸಿದೆ. ಅವನು ನಕ್ಕ! ನಿಂತಲ್ಲೇ ಕುಣಿಯುತ್ತಾ, ಕೈ ಬಡಿಯುತ್ತಾ, ಬಿಕ್ಕಳಿಕೆ ಬರುವಷ್ಟು ನಕ್ಕ. ಅವನ ನಗು ನೋಡಿ ಅಮ್ಮ ನಕ್ಕಳು, ಅತ್ತೆ ಕಲ್ಲಿನ ಮೇಲಿಂದ ಜಾರಿ ಅಮ್ಮನ ಮೇಲೇ ಬಿದ್ದರು, ಬೀಗಿತ್ತಿಯರಿಬ್ಬರೂ ಕೆಸರಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗಂತೂ ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯಲಿಲ್ಲ.

ಫೋನ್ ಬಡಿದುಕೊಂಡಿತು. "ಇಳಿದ್ರು ಕಣಪ್ಪಾ! ಕೊಡ್ತಾ ಇದೀನಿ!"

ನಿಜವಾದ ಮೋಟ್ರು ಓಡಿತು, ನಿಜವಾದ ನೀರು ಬಿತ್ತು. ಮಗ ತೊಟ್ಟಿಯ ಪಕ್ಕ ಕೂತ. "ಯಾರೂ ನೋಡ್ಬ್ಯಾಡ್ರಿ! ತಿರುಗ್ರಿ ಎಲ್ಲಾ!" ಎಂದು ನಾನು ಪಿಸುಗುಟ್ಟಿದೆ. ಒದ್ದೆಯಾದ ಆರು ಜನ ದೊಡ್ಡವರು ಐದು ವರ್ಷದ ಹುಡುಗನಿಗೆ ಬೆನ್ನು ಹಾಕಿ ತೆಂಗಿನ ಮರಗಳನ್ನು ನೋಡುತ್ತಾ ನಿಂತೆವು. ಪಕ್ಕದ ತೋಟದವರು ಕೈ ಮುಗಿದುಕೊಂಡೇ ನಿಂತಿದ್ದರು. ಎಷ್ಟು ಹೊತ್ತಾಯಿತೋ. ಆಮೇಲೆ ಒಂದು ಸಣ್ಣ ನರಳಿಕೆ, ಅದರ ಹಿಂದೆ ಉದ್ದನೆಯ ನಿಟ್ಟುಸಿರು.

ಮೊದಲು ತಿರುಗಿದ್ದು ಅತ್ತೆ. "ಆಯ್ತು ಕಣ್ರೇ! ಅಯ್ಯೋ ನನ್ ಬಂಗಾರ! ಎಷ್ಟೊಂದು!" ಎಂದು ನೆಟಿಗೆ ಮುರಿದರು. ಅಮ್ಮ ಓಡಿಬಂದು ನೋಡಿ, ಅದು ಪರಂಗಿಯಿಂದಲೇ ಆದದ್ದು ಎಂದಳು. ಅವನು ಒಂದು ಚೂರೂ ತಿಂದಿರಲಿಲ್ಲ. ಅತ್ತೆ ಎಣ್ಣೆಯ ಪಾಲೂ ಇದೆ ಅಂದರು. ಆಸ್ಪತ್ರೆಗೆಂದು ಜೋಡಿಸಿದ್ದ ಬ್ಯಾಗನ್ನು ನಾನು ಆಗಲೇ ಬಿಚ್ಚಿ ಬಟ್ಟೆ ಮಡಿಚಿಟ್ಟೆ.

ಡಾಕ್ಟರಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ಆಮೇಲೆ, "ಇಷ್ಟು ದಿನದ ಪೌಡರ್ರೂ ಕೆಲ್ಸ ಮಾಡಿದೆ, ನಿಲ್ಲಿಸ್ಬೇಡಿ. ಅಲ್ಲಿ ಅವ್ನಿಗೆ ಭಯ ಇಲ್ಲ, ದಿನಾ ಅಲ್ಲೇ ಕೂರ್ಸಿ" ಅಂದರು. ತಿಂಗಳುಗಟ್ಟಲೆ ಪೌಡರ್ ಕೊಟ್ಟೆವು. ತೊಟ್ಟಿಯ ಪಕ್ಕ ತಗಡಿನ ಮರೆ ಕಟ್ಟಿ, ಗುಂಡಿ ತೆಗೆಸಿದೆವು. ಲೈನ್‌ಮನ್ ವಾರಕ್ಕೊಮ್ಮೆ ತಾನೇ ಫೋನ್ ಮಾಡಿ ಪಾಳಿಯ ಹೊತ್ತು ಹೇಳುತ್ತಿದ್ದ. ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನಡುನಡುವೆ ಮೂರು ದಿನ, ನಾಲ್ಕು ದಿನ ಕಟ್ಟಿಕೊಳ್ಳುತ್ತಿತ್ತು, ಬಾಗಿಲಿಗೆ ತಲೆಯೂ ಬೀಳುತ್ತಿತ್ತು.

ಒಂದು ದಿನ ಅಡುಗೆಮನೆಯಲ್ಲಿ ರೊಟ್ಟಿಗೆ ರಾಗಿಹಿಟ್ಟು ಕಲಸುತ್ತಿದ್ದೆ. ಮಗ ಬಂದು ಪಕ್ಕದಲ್ಲಿ ನಿಂತ. ಮಂಡಕ್ಕಿಗೆ ಬಂದಿರಬೇಕೆಂದು, "ಇರಪ್ಪಾ, ಕೈ ತೊಳ್ಕೊಂಡು ಕೊಡ್ತೀನಿ" ಅಂದೆ. ಅವನು ಕಾಯಲಿಲ್ಲ. ಹಿಟ್ಟು ಮೆತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ, ಅಂಗಿ ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡ. ಕಲಸುವುದನ್ನು ಬಿಟ್ಟು ಅವನ ಮುಂದೆ ಕೂತೆ.

"ಇಲ್ಲಿ ನೋಯ್ತಿದೆಯೇನೋ ಕಂದಾ?" ಎಂದೆ.

ಅವನು ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡ.