ಹದಿನೇಳರ ಮುದ್ರೆ, ಐದರ ಬಟನ್

ವಾರಪತ್ರಿಕೆಯ ಕಚೇರಿಯಿಂದ ಬಂದ ಪೊಟ್ಟಣವನ್ನು ಆಕೆ ಎರಡು ದಿನ ಬಿಚ್ಚಲಿಲ್ಲ. ರಿಪೇರಿಗೆ ಬಂದ ಫೋನುಗಳಿಂದ ಒಂದು ಗೇಣು ದೂರ, ಮೇಜಿನ ಬಲತುದಿಯಲ್ಲಿಟ್ಟು, ಅದರ ಮೇಲೆ ಟೀ ಲೋಟ ಇಡತೊಡಗಿದರು. ಪೊಟ್ಟಣದ ಮೇಲಿದ್ದ ಹೆಸರು ಹದಿನೆಂಟು ವರ್ಷದ ಹಿಂದೆ ಆಕೆಯನ್ನು ಕೆಲಸದಿಂದ ತೆಗೆದ ಕಂಪನಿಯದು. ಒಳಗಿದ್ದದ್ದು ಆ ಕಾಲದ ಬಟನ್ ಫೋನು. ಎಲ್ಲರೂ ಮರೆತ ಮೇಲೆ, ಹೊಸ ಬಣ್ಣ ಬಳಿದುಕೊಂಡು ಮತ್ತೆ ಮಾರುಕಟ್ಟೆಗೆ ಹೊರಟಿತ್ತು.

ಆಕೆಯ ಮೊಬೈಲ್ ರಿಪೇರಿ ಅಂಗಡಿ ಇರುವುದು ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ನಿಂತರೆ ತಲೆ ತಗಲುತ್ತದೆ, ಕೂತರೆ ಇಲ್ಲ. ಮೇಲೆ ಯಾರಾದರೂ ಜೋರಾಗಿ ಮೆಟ್ಟಿಲು ಇಳಿದರೆ ತಟ್ಟೆಯಲ್ಲಿನ ಸ್ಕ್ರೂಗಳು ನಡುಗುತ್ತವೆ. ಆಗ ಆಕೆ ಅಂಗೈಯನ್ನು ತಟ್ಟೆಯ ಮೇಲೆ ಮುಚ್ಚಿ, ಕಾಲ ಸಪ್ಪಳ ದಾಟುವವರೆಗೆ ಕಾಯುತ್ತಾರೆ. ವಯಸ್ಸು ಐವತ್ತೊಂದು. ನಾಲ್ಕು ವರ್ಷದಿಂದ ಆ ವಾರಪತ್ರಿಕೆಗೆ ‘ಬಿಚ್ಚಿ ನೋಡಿದ ಮೇಲೆ’ ಎಂಬ ಅಂಕಣ ಕೊಡುತ್ತಿದ್ದಾರೆ. ಮಿಕ್ಸಿ, ಟಾರ್ಚು, ಫೋನು, ಏನು ಕಳಿಸಿದರೂ ಬಿಚ್ಚಿ ಒಳಗೇನಿದೆ ಎಂದು ಹೇಳುವುದು ಆಕೆಯ ಕೆಲಸ. ಉಪಸಂಪಾದಕ ಬರೆದುಕೊಳ್ಳುತ್ತಾನೆ. ಕೆಳಗೆ ಹೆಸರಿರುವುದಿಲ್ಲ, ‘ರಿಪೇರಿಯವರು’ ಎಂದಷ್ಟೇ ಇರುತ್ತದೆ. ಹೀಗಾಗಿ ತನ್ನ ಫೋನನ್ನು ಯಾರ ಕೈಗೆ ಕಳಿಸಿದೆ ಎಂಬುದು ಕಂಪನಿಗೆ ಗೊತ್ತಿರಲಿಲ್ಲ.

ಆ ಕಂಪನಿಯ ಕಾರ್ಖಾನೆಯಲ್ಲಿ ಆಕೆಯ ಕೆಲಸ ಬಟನ್ ಒತ್ತುವುದಾಗಿತ್ತು. ಬೆಲ್ಟಿನ ಮೇಲೆ ಬರುವ ಪ್ರತಿ ಫೋನಿನ ಪ್ರತಿ ಬಟನನ್ನೂ ಮೂರು ಸಲ ಒತ್ತಿ, ಸರಿಯಿದ್ದರೆ ಬ್ಯಾಟರಿಯ ಜಾಗದಲ್ಲಿ ನೇರಳೆ ಶಾಯಿಯ ಪುಟ್ಟ ಮುದ್ರೆ ಹಾಕಬೇಕು. ಆಕೆಯ ಮುದ್ರೆಯ ಸಂಖ್ಯೆ ಹದಿನೇಳು. ಜೊತೆಯವರು ಕರೆಯುತ್ತಿದ್ದದ್ದೂ ಹಾಗೆಯೇ, ‘ಹದಿನೇಳು, ಊಟಕ್ಕೆ ಬಾರೇ’ ಎಂದು. ದಿನಕ್ಕೆ ಏಳುನೂರು ಫೋನು ಆಕೆಯ ಬಲಗೈ ತೋರುಬೆರಳಿನ ಕೆಳಗೆ ಹಾದುಹೋಗುತ್ತಿದ್ದವು. ಸಾಲಿನ ಮ್ಯಾನೇಜರರು ಕೊರಳಿಗೆ ದಾರ ಕಟ್ಟಿ ಸ್ಟಾಪ್‌ವಾಚ್ ತೂಗುಹಾಕಿಕೊಂಡು ಹಿಂದೆ ಓಡಾಡುತ್ತಿದ್ದರು. ಹೆಂಗಸರು ಅವರಿಗೆ ಸ್ಟಾಪ್‌ವಾಚ್ ಸಾಹೇಬರು ಎಂದೇ ಹೆಸರಿಟ್ಟಿದ್ದರು.

ಒಂದು ಬೇಸಿಗೆಯಲ್ಲಿ ಆಕೆಗೆ ಒಂದು ವಿಷಯ ಗೊತ್ತಾಯಿತು. ಐದರ ಬಟನನ್ನು ಟಪ್ಪೆಂದು ಒತ್ತಿದರೆ ಎದ್ದು ಬರುತ್ತಿತ್ತು. ನಿಧಾನಕ್ಕೆ ಒತ್ತಿದರೆ ಒಳಗೇ ಕೂತು, ಯೋಚನೆ ಮಾಡಿದ ಹಾಗೆ ಮಾಡಿ, ಆಮೇಲೆ ಏಳುತ್ತಿತ್ತು. ಪ್ರತಿ ಬಟನ್ ಕೆಳಗೂ ಕಾಲರ್ ಗುಂಡಿಗಿಂತ ಚಿಕ್ಕದಾದ ಲೋಹದ ಬಟ್ಟಲೊಂದು ಬೋರಲು ಕೂತಿರುತ್ತದೆ, ಮೇಲೊಂದು ಅಂಟುಹಾಳೆ. ಅಂಚಿನ ಬಟನ್‌ಗಳಿಗೆ ಗಾಳಿ ಹೋಗಿಬರಲು ಜಾಗವಿತ್ತು. ಎಂಟರ ಪಕ್ಕ ಸ್ಕ್ರೂ ತೂತಿತ್ತು. ನಟ್ಟನಡುವಿನ ಐದಕ್ಕೆ ಮಾತ್ರ ಯಾವ ದಾರಿಯೂ ಇರಲಿಲ್ಲ. ಸೆಕೆಗೆ ಅಂಟು ಮೆತ್ತಗಾದಾಗ ಬಟ್ಟಲು ಕೆಳಗಿನ ಸರ್ಕ್ಯೂಟ್ ಹಲಗೆಯನ್ನು ಕಚ್ಚಿಕೊಳ್ಳುತ್ತಿತ್ತು.

ಆಕೆ ದೋಷದ ಚೀಟಿ ಬರೆದರು. ಬಿಳಿ ಚೀಟಿ ಮ್ಯಾನೇಜರರಿಗೆ, ಕಾರ್ಬನ್ ಹಾಳೆಯ ಕೆಳಗಿನ ಗುಲಾಬಿ ಚೀಟಿ ಬರೆದವರಿಗೆ. ‘ಐದರ ಬಟ್ಟಲಿಂದ ಅಂಚಿಗೆ ಗಾಳಿ ಹೋಗಲು ಅಂಟುಹಾಳೆಯಲ್ಲಿ ಸಣ್ಣ ಗೀರು ಬಿಡಬೇಕು’ ಎಂದು ಬರೆದು ಚಿತ್ರವನ್ನೂ ಬಿಡಿಸಿದ್ದರು. ಒಂದು ತಿಂಗಳಲ್ಲಿ ಮೂರು ಚೀಟಿ. ಮೂರರಲ್ಲೂ ‘ಮೇಲ್ವಿಚಾರಕರ ಸಹಿ’ ಎಂಬ ಜಾಗ ಖಾಲಿ ಉಳಿಯಿತು. ಎರಡು ಸೆಕೆಂಡಿನೊಳಗೆ ಎದ್ದು ಬಂದರೆ ಪಾಸು ಮಾಡು ಎಂದು ಸಾಹೇಬರು ಸ್ಟಾಪ್‌ವಾಚ್ ತೋರಿಸಿದರು. ಜನ ಫೋನು ಒತ್ತುತ್ತಾರೆಯೇ ಹೊರತು ಸವರುತ್ತಾ ಕೂರುವುದಿಲ್ಲ ಎಂದು ನಕ್ಕರು. ಆಕೆ ಪಾಸು ಮಾಡಿದರು. ಇದನ್ನು ಆಕೆ ಇವತ್ತಿಗೂ ಮುಚ್ಚಿಡುವುದಿಲ್ಲ. ಮುದ್ರೆ ಹಾಕಿದ್ದು ತನ್ನ ಕೈಯೇ ಎನ್ನುತ್ತಾರೆ.

ಮುಂದಿನ ಬೇಸಿಗೆಗೆ ಫೋನುಗಳು ರಾಶಿರಾಶಿಯಾಗಿ ವಾಪಸು ಬಂದವು. ಊಟದ ಕೋಣೆಯಲ್ಲಿ ಇನ್ನೂರು ಜನರನ್ನು ನಿಲ್ಲಿಸಿ ಸಾಹೇಬರು ಒಂದು ಫೋನಿನ ಐದನ್ನು ಒತ್ತಿದರು. ಅದು ಏಳಲೇ ಇಲ್ಲ. ಬ್ಯಾಟರಿ ತೆಗೆದು ಮುದ್ರೆ ಓದಿದರು. ಆಕೆಯನ್ನು ಮುಂದಕ್ಕೆ ಕರೆದು, ಬಲಗೈಯ ತೋರುಬೆರಳನ್ನು ಹಿಡಿದು, ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

“ಇದನ್ನು ಪಾಸು ಮಾಡಿದ ಬೆರಳು ಇದೇನಾ? ನೋಡ್ಕೊಳ್ಳಿ ಎಲ್ಲರೂ.”

ಆಕೆ ಸೆರಗಿನ ಗಂಟಿನಿಂದ ಗುಲಾಬಿ ಚೀಟಿಗಳನ್ನು ತೆಗೆದರು. ಸಾಹೇಬರು ಓದಿ ವಾಪಸು ಕೊಟ್ಟರು. ಗೊತ್ತಿದ್ದೂ ಪಾಸು ಮಾಡಿದ್ದೀಯಾ, ಹಾಗಾದರೆ ತಪ್ಪು ಒಂದಲ್ಲ, ಎರಡು ಎಂದರು. ಆ ಸಂಜೆಯೇ ಲೆಕ್ಕ ಚುಕ್ತಾ ಆಯಿತು. ಊರಿನಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಸೋರುವ ನಲ್ಲಿ, ಹೊಲಿಗೆ ಬಿಚ್ಚಿದ ಚಪ್ಪಲಿ, ಫೇಲಾದ ಮಗ, ಯಾವುದಕ್ಕಾದರೂ ಜನ ‘ಹದಿನೇಳು ಪಾಸು ಮಾಡಿದ್ದಿರಬೇಕು’ ಎನ್ನತೊಡಗಿದರು. ಕಾರ್ಖಾನೆ ಎರಡು ವರ್ಷದಲ್ಲಿ ಬಾಗಿಲು ಹಾಕಿತು. ಮಾತು ಉಳಿಯಿತು. ಅದು ಯಾರ ಹೆಸರೆಂದು ಗೊತ್ತಿಲ್ಲದ ಗಿರಾಕಿಗಳು ಆಕೆಯ ಮುಂದೆಯೇ ಹಾಗೆನ್ನುತ್ತಾರೆ. ಆಕೆ ತಲೆ ಎತ್ತುವುದಿಲ್ಲ.

ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ಆಕೆ ರಿಪೇರಿ ಕಲಿತು ಅಂಗಡಿ ಹಾಕಿ, ಹಾವಿಗಿಂತ ಆರು ವರ್ಷ ಹೆಚ್ಚು ಕಾದರು. ಮನೆಯಲ್ಲಿ ಅತ್ತೆಯ ಹಳೆಯ ಫೋನು ಇತ್ತು, ಅದೇ ಕಂಪನಿಯದು, ಒಳಗೆ ಹದಿನೇಳರ ಮುದ್ರೆ. ಅದರ ಐದು ಹೋಗಿತ್ತು. ತಂಗಿಯ ನಂಬರಿನಲ್ಲಿ ಮೂರು ಐದು ಇದ್ದುದರಿಂದ ಅತ್ತೆಗೆ ತಂಗಿಯೇ ಹೋದ ಹಾಗಾಗಿತ್ತು. ಸರಿಮಾಡಲು ಬ್ಲೇಡಿನ ತುದಿ ಮತ್ತು ಐದು ನಿಮಿಷ ಸಾಕು. ಊರಿನ ಫೋನೆಲ್ಲ ಸರಿಮಾಡುವ ಸೊಸೆ ಅದೊಂದನ್ನು ಮುಟ್ಟಲಿಲ್ಲ. ಸಾಕ್ಷಿ ಕೆಡಬಾರದೆಂದು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. ಕಣ್ಣು ಮಂಜಾದ ಅತ್ತೆಗೆ ಮಗ, ಅಂದರೆ ಆಕೆಯ ಗಂಡ, ತನ್ನ ಹಳೆಯ ಸ್ಮಾರ್ಟ್‌ಫೋನು ಕೊಟ್ಟ. ಕನ್ನಡಿ ಮೇಲೆ ಬೆರಳು ಜಾರಿಸೋದು ನೊಣ ಓಡಿಸಿದ ಹಾಗಿರುತ್ತೆ, ಒತ್ತಿದ್ದು ಕೈಗೆ ಗೊತ್ತಾಗಬೇಡವಾ ಎಂದು ಮುದುಕಿ ಇವತ್ತಿಗೂ ಗೊಣಗುತ್ತಾರೆ.

ಮೂರನೆಯ ದಿನ ಆಕೆ ಪೊಟ್ಟಣವನ್ನು ಮನೆಗೆ ಒಯ್ದು ಬಿಚ್ಚಿದರು. ಒಳಗಿದ್ದ ಹಾಳೆಯಲ್ಲಿ ‘ಹಳೆಯ ಗೆಳೆಯನನ್ನು ಮರಳಿ ತಂದವರು’ ಎಂದು ಒಬ್ಬರ ಫೋಟೊ ಇತ್ತು. ಕೂದಲು ಬಿಳಿಯಾಗಿತ್ತು, ಕೊರಳಲ್ಲಿ ಸ್ಟಾಪ್‌ವಾಚ್ ಇರಲಿಲ್ಲ, ಟೈ ಇತ್ತು. ಸ್ಟಾಪ್‌ವಾಚ್ ಸಾಹೇಬರು ಈಗ ಅದೇ ಕಂಪನಿಯ ಮಾರಾಟದ ಮುಖ್ಯಸ್ಥರು.

ಸೊಸೆ ಓದಿ ಹೇಳಿದ್ದನ್ನು ಕೇಳಿ ಅತ್ತೆ ಅಲ್ಲಿಯೇ ತೀರ್ಪು ಕೊಟ್ಟರು.

“ಚೆನ್ನಾಗಿದ್ರೂ ಚೆನ್ನಾಗಿಲ್ಲ ಅಂತ ಬರೆಸು. ಅವನು ನಿನ್ನ ವಿಷಯದಲ್ಲಿ ನಿಜ ಹೇಳಿದ್ನಾ?”

“ಸುಳ್ಳು ಬರೆಸಿದ್ರೆ ಅವನು ತಪ್ಪಿಸ್ಕೋತಾನೆ ಅತ್ತೆ. ನನಗೆ ಅವನು ತಪ್ಪಿಸ್ಕೋಬಾರದು.”

ಆದರೂ ಫೋನು ಕೆಟ್ಟಿರಲಿ ಎಂದೇ ಆಕೆ ಆಸೆಪಟ್ಟಿದ್ದರು. ಬೇಸಿಗೆಯ ಸೆಕೆ ತಗಲಲೆಂದು ಒದ್ದೆ ಟವೆಲಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಬಿಸಿನೀರಿನ ಹಂಡೆಯ ಪಕ್ಕ ಒಂದು ಇಡೀ ಹಗಲು ಬಿಟ್ಟರು. ಸಂಜೆ ತೆಗೆದು ಐದನ್ನು ಬೆಣ್ಣೆ ಒತ್ತಿದ ಹಾಗೆ ನಿಧಾನಕ್ಕೆ ಒತ್ತಿದರು. ಎದ್ದು ಬಂತು. ನೂರು ಸಲ ಒತ್ತಿದರು. ನೂರು ಸಲವೂ ಎದ್ದಿತು. ಫೋನು ಚೆನ್ನಾಗಿದೆ ಎಂಬ ಸಿಟ್ಟಿಗೆ ಅದನ್ನು ಅಲ್ಲೇ ಬಿಟ್ಟು ಪಾತ್ರೆ ತಿಕ್ಕಲು ಹೋದರು. ಅತ್ತೆ ಮಾತ್ರ ಮಗನಿಂದ ತನ್ನ ಸಿಮ್ ಹಾಕಿಸಿಕೊಂಡು ಅದನ್ನು ಕೈಯಲ್ಲಿ ಹಿಡಿದು, ಐದರ ಮೇಲಿನ ಸಣ್ಣ ಚುಕ್ಕಿಯನ್ನು ಬೆರಳಿನಿಂದ ಹುಡುಕಿ, ಕಣ್ಣುಮುಚ್ಚಿಕೊಂಡೇ ತಂಗಿಯ ನಂಬರ್ ಒತ್ತಿ, ಅರ್ಧ ಗಂಟೆ ಹರಟಿದರು.

ಮರುದಿನ ಅಂಗಡಿಯಲ್ಲಿ ಆಕೆ ಫೋನನ್ನು ಪೂರ್ತಿ ಬಿಚ್ಚಿದರು. ಆರು ಸ್ಕ್ರೂ, ಹಿಂಬದಿ, ಹಲಗೆ, ಅಂಟುಹಾಳೆ. ಭೂತಗನ್ನಡಿಯ ಕೆಳಗೆ ಹಿಡಿದರು. ಐದರ ಬಟ್ಟಲಿಂದ ಅಂಚಿನವರೆಗೆ ಕೂದಲೆಳೆಯಷ್ಟು ತೆಳ್ಳಗಿನ ಗೀರೊಂದು ಓಡಿತ್ತು, ಎಂಟರ ಬಳಿ ಸ್ವಲ್ಪ ಸೊಟ್ಟಗೆ ತಿರುಗಿಕೊಂಡು. ಆಕೆ ಗುಲಾಬಿ ಚೀಟಿ ತೆಗೆದು ಪಕ್ಕಕ್ಕಿಟ್ಟರು. ಚಿತ್ರದಲ್ಲೂ ಗೀರು ಅಲ್ಲೇ ಸೊಟ್ಟಗೆ ತಿರುಗಿತ್ತು. ಅಂದು ಸ್ಕ್ರೂ ತೂತನ್ನು ತಪ್ಪಿಸಲು ಆಕೆ ಹಾಗೆ ಬಿಡಿಸಿದ್ದರು. ಹೊಸ ಫೋನಿನಲ್ಲಿ ಆ ಸ್ಕ್ರೂ ತೂತೇ ಇರಲಿಲ್ಲ. ಬಿಳಿ ಚೀಟಿಗಳನ್ನು ಯಾರೂ ಎಸೆದಿರಲಿಲ್ಲ. ಯಾರೋ ಅವನ್ನು ನೋಡಿಕೊಂಡೇ ಗೀರು ಎಳೆದಿದ್ದರು.

ಮತ್ತೆ ಜೋಡಿಸಿ ಹತ್ತು ದಿನ ಬಳಸಿ ನೋಡಿದ ಮೇಲೆ ಆಕೆ ಉಪಸಂಪಾದಕನಿಗೆ ವಿಮರ್ಶೆ ಹೇಳಿ ಬರೆಸಿದರು. ನಾಲ್ಕು ವರ್ಷದಲ್ಲಿ ಆಕೆ ಇಷ್ಟು ಹೊಗಳಿದ್ದನ್ನು ಅವನು ಕಂಡಿರಲಿಲ್ಲ. ಬ್ಯಾಟರಿ ಒಂಬತ್ತು ದಿನ ಬರುತ್ತದೆ. ಟಾರ್ಚು ಮೆಟ್ಟಿಲ ಕೆಳಗೆ ಬಿದ್ದ ಸ್ಕ್ರೂ ಹುಡುಕಲು ಸಾಕು. ಕ್ಯಾಮೆರಾ ಇದೆ ಎಂದು ಹೇಳಿಕೊಳ್ಳಬಹುದು, ಅಷ್ಟೆ. ಮೂರು ಸಲ ಮೆಟ್ಟಿಲಿಂದ ಬಿತ್ತು. ಮೆಟ್ಟಿಲಿಗೂ ಏನಾಗಲಿಲ್ಲ, ಫೋನಿಗೂ ಏನಾಗಲಿಲ್ಲ. ಸ್ಮಾರ್ಟ್‌ಫೋನು ಕೈಗೆ ಬಗ್ಗದ ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಲ್ಲಕ್ಕಿಂತ ದೊಡ್ಡ ಗುಣ ಐದರ ಬಟನ್. ಹಳೆಯ ಫೋನಿನಲ್ಲಿ ಅದಕ್ಕೆ ಗಾಳಿಯ ದಾರಿ ಇರಲಿಲ್ಲ, ಈಗ ಮಾಡಿದ್ದಾರೆ, ಮಾಡಿದವರ ಕೈಗೆ ಚಿನ್ನದ ಬಳೆ ತೊಡಿಸಬೇಕು. ಪ್ರತಿ ಮಾತೂ ನಿಜವಾಗಿತ್ತು. ಇಷ್ಟೊಂದು ಯಾಕಮ್ಮಾ ಎಂದು ಉಪಸಂಪಾದಕ ಕೇಳಿದ್ದಕ್ಕೆ, ಅವರು ಕರೆಯುವಷ್ಟು ಹೊಗಳಬೇಕು ಎಂದರು ಆಕೆ.

ಕರೆದರು. ಫೋನಿನ ಬಿಡುಗಡೆ ಸಮಾರಂಭಕ್ಕೆ ‘ರಿಪೇರಿಯವರು’ ಬಂದು ಎರಡು ಮಾತಾಡಬೇಕೆಂದು ಪತ್ರಿಕೆಗೆ ಆಹ್ವಾನ ಬಂತು. ಬಾಡಿಗೆ ಸಭಾಂಗಣದಲ್ಲಿ ಅರವತ್ತು ಜನ ಅಂಗಡಿಕಾರರು ಕೂತಿದ್ದರು. ವೇದಿಕೆಯ ಹಿಂದೆ ಆಕೆಯ ವಿಮರ್ಶೆಯನ್ನು ಆಳೆತ್ತರಕ್ಕೆ ಹಿಗ್ಗಿಸಿ ತೂಗುಹಾಕಿದ್ದರು, ಗಾಳಿಯ ದಾರಿಯ ಸಾಲೂ ಸೇರಿ. ಸಾಹೇಬರು ಅದನ್ನು ಓದಿರಲಿಲ್ಲ, ಹೊಗಳಿದ್ದಾರೆ ಎಂದು ಯಾರೋ ಹೇಳಿದ್ದರು. ಆಕೆಯ ಗುರುತೂ ಅವರಿಗೆ ಸಿಗಲಿಲ್ಲ. ಅಂದು ಸಾಲಿನಲ್ಲಿ ಕೂತ ಇನ್ನೂರು ಹೆಂಗಸರ ಬೆನ್ನನ್ನೇ ಅವರು ನೋಡಿದ್ದು, ಎತ್ತಿ ಹಿಡಿದ ದಿನವೂ ನೋಡಿದ್ದು ಬೆರಳನ್ನು, ಮುಖವನ್ನಲ್ಲ. ಕೈಮುಗಿದು ಮೈಕು ಕೊಟ್ಟರು.

ಆಕೆಯ ಚೀಲದಲ್ಲಿ ಬಿಸಿನೀರಿನ ಬಾಟಲಿಯ ಪಕ್ಕ, ಒದ್ದೆ ಬಟ್ಟೆಯಲ್ಲಿ, ಅತ್ತೆಯ ಹಳೆಯ ಫೋನಿತ್ತು. ಬೆಳಗಿನಿಂದ ಹಾಗೇ ಬೆಚ್ಚಗಿಟ್ಟಿದ್ದರು.

“ಸಾರ್, ನಿಮ್ಮ ಬೆರಳು ಸ್ವಲ್ಪ ಕೊಡಿ” ಎಂದರು. ಸಾಹೇಬರು ನಗುತ್ತಾ ಕೊಟ್ಟರು. ಆಕೆ ಅವರ ತೋರುಬೆರಳನ್ನು ಹಿಡಿದು ಹಳೆಯ ಫೋನಿನ ಐದರ ಮೇಲಿಟ್ಟರು. “ನಿಧಾನಕ್ಕೆ ಒತ್ತಿ. ವಾಚು ನೋಡ್ಕೊಳ್ಳಿ, ಎರಡು ಸೆಕೆಂಡು.”

ಬಟನ್ ಒಳಗೆ ಹೋಗಿ ಅಲ್ಲೇ ಕೂತಿತು. ಆಕೆ ಅದೇ ಬೆರಳನ್ನು ಹೊಸ ಫೋನಿನ ಮೇಲಿಟ್ಟರು. ಟಿಕ್ ಎಂದು ಎದ್ದು ಬಂತು.

“ಬೆರಳು ಅದೇ. ಬದಲಾದದ್ದು ಬಟನ್.” ಹಳೆಯ ಫೋನಿನ ಬ್ಯಾಟರಿ ತೆಗೆದು ಅವರ ಮುಂದೆ ಹಿಡಿದರು. “ಅವತ್ತು ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡೋದು ಸ್ವಲ್ಪ ತಡ ಆಯ್ತು ಸಾರ್.”

ಸಾಹೇಬರು ಮುದ್ರೆ ಓದಿದರು. ಮೈಕನ್ನು ಕೈಯಿಂದ ಮುಚ್ಚಿ, ಇದೆಲ್ಲ ಈಗ ಯಾಕಮ್ಮಾ, ಆಮೇಲೆ ಮಾತಾಡೋಣ ಎಂದರು. ಅಷ್ಟರಲ್ಲಿ ಮುಂದಿನ ಸಾಲಿನ ಹಿರಿಯ ಅಂಗಡಿಕಾರರೊಬ್ಬರು ಎದ್ದು ನಿಂತಿದ್ದರು. ಅಂದು ನನ್ನೊಬ್ಬನ ಅಂಗಡಿಗೇ ಎಂಬತ್ತು ಫೋನು ವಾಪಸು ಬಂದಿತ್ತು, ಯಾರೋ ಹೆಂಗಸು ಸರಿಯಾಗಿ ನೋಡಲಿಲ್ಲ ಅಂದಿದ್ದಿರಿ, ಈ ಸಲವೂ ಅಂಥ ಹೆಂಗಸು ಇದ್ದಾಳೋ, ಇಲ್ಲಾ ಮಾಲೇ ಬದಲಾಗಿದೆಯೋ ಎಂದು ಕೇಳಿದರು. ಕೆಲವರು ನಕ್ಕರು.

ಸಾಹೇಬರಿಗೆ ಎರಡೇ ದಾರಿ. ಹಳೆಯದರಲ್ಲಿ ದೋಷವಿರಲಿಲ್ಲ ಎಂದರೆ ಹೊಸದನ್ನು ಯಾರೂ ಕೊಳ್ಳುವುದಿಲ್ಲ. ಕೊಳ್ಳಬೇಕಾದರೆ ದೋಷವಿತ್ತೆಂದು ಹೇಳಬೇಕು. ಅವರು ಟೈ ಸರಿಮಾಡಿಕೊಂಡರು.

“ಹಳೇದರಲ್ಲಿ ತಯಾರಿಕೆಯಲ್ಲೇ ಒಂದು ಕೊರತೆ ಇತ್ತು. ಪಾಸು ಮಾಡಿದವರ ತಪ್ಪಲ್ಲ.”

“ಬರವಣಿಗೆಯಲ್ಲಿ ಕೊಡಿ ಸಾರ್” ಎಂದು ಆಕೆ ಗುಲಾಬಿ ಚೀಟಿಯನ್ನೂ ಪೆನ್ನನ್ನೂ ಮುಂದಿಟ್ಟರು. ಮೇಲ್ವಿಚಾರಕರ ಸಹಿಯ ಜಾಗ ತೋರಿಸಿದರು. ಅರವತ್ತು ಜನ ನೋಡುತ್ತಿದ್ದರು. ಸಾಹೇಬರು ಸಹಿ ಮಾಡಿದರು. ಎರಡನೆಯ ಚೀಟಿ ತೆಗೆಯುವಷ್ಟರಲ್ಲಿ, ಫೋಟೊಗೆ ತಡವಾಯಿತೆಂದು ಯಾರೋ ಅವರನ್ನು ಎಳೆದುಕೊಂಡು ಹೋದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು. ಆದದ್ದನ್ನೆಲ್ಲ ಎರಡೆರಡು ಸಲ ಹೇಳಿಸಿಕೊಂಡರು, ಬೆರಳು ಹಿಡಿದದ್ದನ್ನು ಮೂರು ಸಲ. ಇನ್ನೂ ಸ್ವಲ್ಪ ಮೇಲೆತ್ತಿ ಎಲ್ಲರಿಗೂ ತೋರಿಸಬೇಕಿತ್ತು ಎಂದು ಬೇಸರಪಟ್ಟರು. ಆಮೇಲೆ ಚೀಲಕ್ಕೆ ಕೈಹಾಕಿ ಹಳೆಯ ಫೋನನ್ನು ಹುಡುಕಿ ತೆಗೆದು, ಒದ್ದೆಯನ್ನು ಸೆರಗಿನಿಂದ ಒರೆಸಿ ಸೊಸೆಯ ಮುಂದೆ ಹಿಡಿದರು.

“ಆಯ್ತಲ್ಲ ಇನ್ನು. ಈಗಲಾದ್ರೂ ಇದನ್ನ ಸರಿ ಮಾಡ್ಕೊಡೇ.”

ಆಕೆ ಫೋನನ್ನು ತೆಗೆದುಕೊಂಡು, ಒಣಬಟ್ಟೆಯಲ್ಲಿ ಸುತ್ತಿ, ಮತ್ತೆ ಡಬ್ಬಿಗೆ ಹಾಕಿ ಮುಚ್ಚಿದರು.

“ಇನ್ನೆರಡು ಚೀಟಿ ಇದೆ ಅತ್ತೆ.”