ಡಿಪೋ ಮ್ಯಾನೇಜರನ ಬಾಯಲ್ಲಿ ರೊಟ್ಟಿಹಿಟ್ಟು

ನೆಲೋಗಿಯ ಮಸರತಳಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಹಾಗಾಗಿ ಅವಳ ಸಿನಿಮಾದ ಬಗ್ಗೆ ನನಗೆ ಜಂಬವಿದೆ. ಅದನ್ನು ಮುಚ್ಚಿಟ್ಟು ಬರೆಯುವಷ್ಟು ಸಭ್ಯತೆ ನನ್ನಲ್ಲಿಲ್ಲ.

ಮಸರತಳಿಗೆ ಈಗ ಮೂವತ್ತನಾಲ್ಕು. ಜೇವರ್ಗಿಯಲ್ಲಿ ತನ್ನ ಖಾಲಾ, ಅಂದರೆ ತಾಯಿಯ ತಂಗಿ, ಕರೀಮುನ್ನಿಸಾ ಜೊತೆ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಐದು ಜನ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ತಟ್ಟುತ್ತಾರೆ. ಅವಳ ಬರವಣಿಗೆಯೂ ಅಲ್ಲೇ. ಹಿಟ್ಟು ಮೆತ್ತಿದ ಕೈಯಲ್ಲಿ ಪೆನ್ನು ಹಿಡಿಯುವಂತಿಲ್ಲ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡಿ ರೆಕಾರ್ಡ್ ಮಾಡುತ್ತಾಳೆ. ಕೇಳುತ್ತ ಕೇಳುತ್ತ ಹೆಂಗಸರ ಕೈ ನಿಂತರೆ ದೃಶ್ಯ ಪಾಸು. ತಟ್ಟುವ ಸದ್ದು ನಡೆದೇ ಇದ್ದರೆ ಅಳಿಸಿ ಇನ್ನೊಮ್ಮೆ. ಇಷ್ಟು ಪ್ರಾಮಾಣಿಕ ವಿಮರ್ಶಕರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹೀಗೆ ಎಂಟು ತಿಂಗಳಲ್ಲಿ ಹುಟ್ಟಿದ್ದು ಜೇವರ್ಗಿ–ಅಫಜಲಪುರ ಬಸ್ಸಿನ ಲೇಡಿ ಕಂಡಕ್ಟರ್ ಒಬ್ಬಳ ಕಥೆ. ಶುರುವಿನ ದೃಶ್ಯಗಳು ಕೈಗೂಡಿದ ಕೂಡಲೇ ಮಸರತ ಬೆಂಗಳೂರಿಗೆ ಹೋಗಿ ಮೂರು ಕಡೆ ಕಥೆ ಹೇಳಿದಳು. ಒಬ್ಬ ನಿರ್ಮಾಪಕ, "ನಿಮ್ ಕಡೆ ಭಾಷೆ ಕಾಮಿಡಿಗೆ ಸರಿ ಮೇಡಂ. ಹೀರೋಯಿನ್ ಹಿಂಗೆ ಮಾತಾಡಿದ್ರೆ ಯಾರು ನೋಡ್ತಾರೆ?" ಎಂದ. ಇನ್ನೊಬ್ಬ ಕೇಳುತ್ತಲೇ ನಿದ್ದೆ ಹೋದ. ಮೂರನೆಯವನು ನಿರ್ದೇಶಕ. ಅವನು ಕಣ್ಣೀರು ಒರೆಸಿಕೊಂಡು, "ಒಂದೊಂದೇ ಸೀನ್ ವಾಯ್ಸ್ ಮೆಸೇಜ್ ಕಳಿಸಿ, ಆಫೀಸಲ್ಲಿ ಟೈಪ್ ಮಾಡಿಸ್ಕೋತೀವಿ" ಎಂದ. ಕರಾರು ಪತ್ರ ಕೇಳಿದಾಗ, "ಕಲೆಯಲ್ಲಿ ನಂಬಿಕೆ ಮುಖ್ಯ" ಎಂದ. ಅತ್ತವರನ್ನೆಲ್ಲ ನಂಬಬಾರದೆಂದು ನಾನು ಅವಳಿಗೆ ಕಲಿಸಿರಲಿಲ್ಲ, ಅದು ಪಠ್ಯದಲ್ಲಿರಲಿಲ್ಲ.

ಶೂಟಿಂಗ್ ಮುಗಿದು ಪೋಸ್ಟರ್ ಬಂತು. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ನಾಲ್ಕಕ್ಕೂ ಆ ಮಹಾಶಯನದೇ ಹೆಸರು. ಫೋನ್ ಮಾಡಿದರೆ, "ಭಾಷಾ ಸಹಾಯ ಅಂತ ಕೊನೇಲಿ ನಿಮ್ಮ ಹೆಸರು ಹಾಕಿಸ್ತೀನಿ ಬಿಡಿ" ಎಂದನಂತೆ.

"ಭಾಷಾ ಸಹಾಯ ಅಂದ್ರ ಏನರಿ ಸರ್?" ಮಸರತ ನನ್ನ ಮನೆಗೆ ಬಂದು ಕೂಗಾಡಿದಳು. "ಆ ಕಂಡಕ್ಟರಕಿನ ಹೊಟ್ಟ್ಯಾಗಿಟ್ಟು ಎಂಟ ತಿಂಗಳ ತಿರುಗೇನಿ. ನನಗ ನನ್ನ ಹೆಸರ ಬೇಕ್ರಿ."

ಬೆಂಗಳೂರಿನ ಸಿನಿಮಾ ಬರಹಗಾರರ ಸಂಘವೊಂದಕ್ಕೆ ದೂರು ಕೊಟ್ಟೆವು. ವಿಚಾರಣೆಗೆ ಅವಳು, ಖಾಲಾ, ನಾನು ಮೂವರೂ ಹೋದೆವು. ಮಸರತ ರೆಕಾರ್ಡಿಂಗ್‌ಗಳನ್ನು ತೋರಿಸಿದಳು. ನಿರ್ದೇಶಕ ಹೆದರಲಿಲ್ಲ.

"ಬರೆದಿದ್ದು ನಾನೇ. ಅದನ್ನ ಅವರ ಕಡೆ ಧಾಟೀಲಿ ಓದಿ ಕಳಿಸಿ ಅಂದಿದ್ದೆ, ಅಷ್ಟೇ" ಎಂದು ಬೈಂಡ್ ಮಾಡಿಸಿದ ಪ್ರತಿಯೊಂದನ್ನು ಮೇಜಿನ ಮೇಲಿಟ್ಟ. ಮೊದಲ ಪುಟದಲ್ಲಿ, ರೆಕಾರ್ಡಿಂಗ್‌ಗಳಿಗಿಂತ ಒಂದು ವರ್ಷ ಹಿಂದಿನ ತಾರೀಖು.

ಸಂಘದ ಅಧ್ಯಕ್ಷೆ ಪ್ರತಿಯ ಪುಟ ತಿರುವುತ್ತ ಒಂದು ಕಡೆ ನಿಂತರು. ಡಿಪೋ ಮ್ಯಾನೇಜರ್ ಕಂಡಕ್ಟರಳನ್ನು ಸಸ್ಪೆಂಡ್ ಮಾಡುವ ದೃಶ್ಯ ಅದು. ಗಟ್ಟಿಯಾಗಿ ಓದಿದರು:

"ನಾಳಿಂದ ಡ್ಯೂಟಿಗಿ ಬರಬ್ಯಾಡ. ಈ ಹಿಟ್ಟಿಗಿ ಜಿಗಿ ಇಲ್ಲ ಬೇ, ಇನ್ನಷ್ಟು ಬಿಸಿನೀರು ಹಾಕು. ಟಿಕೆಟ್ ಮಷಿನ್ ಇಲ್ಲಿಟ್ಟು ಹೋಗು." ಕನ್ನಡಕ ತೆಗೆದು ಕೇಳಿದರು: "ಡಿಪೋ ಮ್ಯಾನೇಜರ್ ಯಾಕೆ ಹಿಟ್ಟಿನ ಮಾತಾಡ್ತಾನೆ?"

"ಅದು... ರೂಪಕ ಮೇಡಂ" ಎಂದ ನಿರ್ದೇಶಕ. "ವ್ಯವಸ್ಥೆಯಲ್ಲಿ ಅಂಟು ಉಳಿದಿಲ್ಲ ಅಂತ."

"ಎಲ್ಲೀ ರೂಪಕ ರೀ!" ಖಾಲಾ ಎದ್ದೇ ನಿಂತಳು. "ಅದು ನಾ ಅಂದ ಮಾತ! ಹಳೀ ಜ್ವಾಳದ ಹಿಟ್ಟು, ರೊಟ್ಟಿ ಹರ್ಯಾಕತ್ತಿತ್ತು. ಹಿಟ್ಟ ನಾದಾಕತ್ತಿದ್ದ ನಜಮುನ್ನಿಸಾಗ ಹೇಳೀನಿ!"

ಮಸರತ ಆ ರೆಕಾರ್ಡಿಂಗ್ ಹುಡುಕಿ ಹಾಕಿದಳು. ರೊಟ್ಟಿ ತಟ್ಟುವ ಸದ್ದು. ದಪ್ಪ ದನಿಯಲ್ಲಿ ಮಸರತಳ ಡಿಪೋ ಮ್ಯಾನೇಜರ್. ಹಿಂದಿನಿಂದ ಖಾಲಾಳ ಕೂಗು. ಮತ್ತೆ ಮ್ಯಾನೇಜರ್. ಆಮೇಲೆ ತಟ್ಟುವ ಸದ್ದು ಒಮ್ಮೆಲೇ ನಿಂತಿತ್ತು. ದೃಶ್ಯ ಪಾಸಾದ ಖುಷಿಯಲ್ಲಿ ಖಾಲಾಳ ಮಾತನ್ನೂ ಸೇರಿಸಿಯೇ ಅವಳು ಕಳಿಸಿದ್ದಳು. ಟೈಪ್ ಮಾಡಿದವರಿಗೆ ನಮ್ಮ ಮಾತಿನ ತಲೆಬುಡ ತಿಳಿಯದೆ, ಕೇಳಿಸಿದ್ದೆಲ್ಲವನ್ನೂ ಮ್ಯಾನೇಜರನ ಬಾಯಿಗೆ ತುರುಕಿದ್ದರು.

"ಒಂದು ವರ್ಷ ಮೊದಲೇ ಬರೆದದ್ದರಲ್ಲಿ ಇವರ ರೊಟ್ಟಿಹಿಟ್ಟು ಹೆಂಗೆ ಬಂತು?" ಎಂದು ಅಧ್ಯಕ್ಷೆ ಕೇಳಿದರು. ನಿರ್ದೇಶಕ ಪ್ರತಿಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ. ನನಗಾದ ಸಂತೋಷ ಹೇಳತೀರದು.

ಕೊನೆಗೆ ಅವನು ರಾಜಿಗೆ ಬಂದ. ಸಂಭಾಷಣೆ ಅವರದು ಅನ್ನೋಣ, ಕಥೆ ಇಬ್ಬರದೂ ಅನ್ನೋಣ ಎಂದ.

"ಬ್ಯಾಡ್ರಿ" ಎಂದಳು ಮಸರತ. "ಮೂರೂ ನನ್ನವು. ನಿರ್ದೇಶನ ನಿಮ್ಮದು, ಅದನ್ನ ನಾ ಕೇಳಾಕತ್ತಿಲ್ಲ."

ಸಂಘ ಹಾಗೆಯೇ ತೀರ್ಮಾನ ಕೊಟ್ಟಿತು.

ಸಿನಿಮಾ ಬಿಡುಗಡೆಯಾದ ದಿನ ರೊಟ್ಟಿ ಕೇಂದ್ರಕ್ಕೆ ಬೀಗ ಜಡಿದು ಎಲ್ಲರೂ ಕಲಬುರಗಿಗೆ ಹೋದೆವು. ಖಾಲಾ ಚೀಲದಲ್ಲಿ ಕನ್ನಡಕ ತಡಕಾಡುತ್ತಿರುವಾಗಲೇ ಹೆಸರು ಬಂದು ಹೋಯಿತು. ಸಿನಿಮಾ ಮುಗಿಯುವವರೆಗೂ ಗೊಣಗಿ, ಮುಂದಿನ ಆಟಕ್ಕೂ ಎಲ್ಲರಿಗೂ ಟಿಕೆಟ್ ತೆಗೆಸಿದಳು. ಈ ಸಲ ಪರದೆ ಬೆಳಗುವ ಮೊದಲೇ ನಮ್ಮ ಸಾಲು ಎದ್ದು ನಿಂತಿತು. ಕೂಡ್ರಿ, ಕೂಡ್ರಿ ಎಂದು ಹಿಂದಿನವರು ಕೂಗಿದರು.

"ತಡೀರಿ, ನಮ್ಮ ಹುಡುಗಿ ಹೆಸರ ಬರಾಕತ್ತದ!" ಎಂದು ಖಾಲಾ ತಿರುಗಿ ಗದರಿಸಿದಳು.

ಬಂತು. ಕಥೆ, ಚಿತ್ರಕಥೆ, ಸಂಭಾಷಣೆ: ಮಸರತ. ಕೂಗುತ್ತಿದ್ದವರೇ ಸೀಟಿ ಹೊಡೆದರು. ನಮ್ಮಲ್ಲಿ ಕೂತೇ ಇದ್ದವಳು ಮಸರತ ಒಬ್ಬಳೇ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತ. ಖಾಲಾ ಆ ಕೈಗಳನ್ನು ಹಿಡಿದು ಎಳೆದಳು.

"ಕೈ ತಗಿ ಬೇ, ನೋಡು! ನಿನ್ನೊಬ್ಬಾಕಿದ ಹೆಸರ ಅದ!"