ಅರ್ಧ ಬೆಲೆಯ ಪಿಸ್ತೂಲು

ಗುಂಡಿ ಒತ್ತಿದರೆ ತಾನೇ ತಾನಾಗಿ ಅರಳುವ ಛತ್ರಿಯೊಂದನ್ನು ಕಾಶಿಯ ಗೋದೌಲಿಯಾ ಪೇಟೆಯ ಬೀದಿಬದಿಯಲ್ಲಿ ಅಗ್ಗಕ್ಕೆ ಕೊಂಡ ಮಹಾನುಭಾವ ನಾನು. ಮಳೆ ಬಂದಾಗ ಅದು ಅರಳುವುದಿಲ್ಲ. ತರಗತಿಯ ಮೇಜಿನ ಮೇಲೆ ಮಲಗಿಸಿ, ತರ್ಕಶಾಸ್ತ್ರದ ಅನುಮಾನಪ್ರಮಾಣದ ಅತಿಸೂಕ್ಷ್ಮ ಘಟ್ಟವೊಂದನ್ನು ವಿವರಿಸುತ್ತಿರುವಾಗ ಮಾತ್ರ ಫಟ್ಟನೆ ಅರಳಿ, ಸುಖವಾಗಿ ನಿದ್ರಿಸುತ್ತಿರುವ ನನ್ನ ವಿದ್ಯಾರ್ಥಿಗಳನ್ನು ಎಬ್ಬಿಸಿಬಿಡುತ್ತದೆ. ಕೊಳ್ಳುವಾಗ ‘ಗ್ಯಾರಂಟಿ ಉಂಟೇ?’ ಎಂದು ಕೇಳಿದ್ದೆ. ಅಂಗಡಿಯವನು ಬಾಯಲ್ಲಿದ್ದ ಪಾನನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿ, “ಬಾಬೂಜೀ, ಆದ್ಮೀ ಕಾ ಗಾರಂಟೀ ನಾಹೀಂ ಬಾ, ಛಾತಾ ಕಾ ಕಹಾಂ ಸೇ ದೇಈಂ?” ಎಂದ. ಮನುಷ್ಯನಿಗೇ ಗ್ಯಾರಂಟಿ ಇಲ್ಲದ ಊರಿನಲ್ಲಿ ಛತ್ರಿಗೆ ಎಲ್ಲಿಂದ ತರಲಿ ಎಂಬ ಈ ವೇದಾಂತಕ್ಕೆ ತಲೆದೂಗಿ ನಾನು ಛತ್ರಿಯನ್ನು ಬಗಲಿಗೇರಿಸಿಕೊಂಡು ಬಂದೆ.

ಅಗ್ಗದ ವಸ್ತುಗಳ ಬಗ್ಗೆ ನನಗೆ ಅಪಾರ ಗೌರವವಿದೆ ಎಂದು ನೀವು ತಿಳಿಯಬೇಕು. ದುಬಾರಿಯ ವಸ್ತು ಹೇಳಿದ ಕೆಲಸ ಮಾಡಿ ಸುಮ್ಮನಾಗುತ್ತದೆ. ಅಗ್ಗದ್ದು ಹಾಗಲ್ಲ, ಅದಕ್ಕೆ ಸ್ವಂತ ಅಭಿಪ್ರಾಯವಿರುತ್ತದೆ. ಒಂದು ಜ್ಞಾನ ತಾನಾಗಿಯೇ ನಂಬಿಕೆಗೆ ಅರ್ಹವೋ, ಅಥವಾ ಅದಕ್ಕೆ ಬೇರೆ ಸಾಕ್ಷ್ಯ ಬೇಕೋ ಎಂದು ನಮ್ಮ ತಾರ್ಕಿಕರು ಶತಮಾನಗಳ ಕಾಲ ಜುಟ್ಟು ಜುಟ್ಟು ಹಿಡಿದು ಕಾದಾಡಿದ್ದಾರೆ. ಆ ಜಗಳವನ್ನೇ ಕಲಿಸಿ ಸಂಬಳ ಪಡೆಯುವ ನಾನು, ಪ್ರಾಮಾಣ್ಯವೆಂಬುದರ ನಿಜವಾದ ಅರ್ಥವನ್ನು ಕಲಿತದ್ದು ಮಾತ್ರ ಯಾವ ಗ್ರಂಥದಿಂದಲೂ ಅಲ್ಲ, ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮ ರೇವಣಯ್ಯನವರು ಅರ್ಧ ಬೆಲೆಗೆ ಕೊಂಡು ತಂದ ಪಿಸ್ತೂಲಿನಿಂದ.

ರೇವಣಯ್ಯನವರು ಶಿವಾಲ ಮೊಹಲ್ಲಾದಲ್ಲಿದ್ದ, ಕರ್ನಾಟಕದ ಒಂದು ಮಠಕ್ಕೆ ಸೇರಿದ ಯಾತ್ರಿಕರ ಛತ್ರದ ವ್ಯವಸ್ಥಾಪಕರು. ಅದರ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವನು ನಾನು. ವಿಜಾಪುರದ ಕಡೆಯ ಈ ಮನುಷ್ಯ ಹಲ್ಲಿ ಲೊಚಗುಟ್ಟಿದರೆ ನಿಂತು, ಅದು ಮುಗಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡುವಷ್ಟು ಧೈರ್ಯಸ್ಥರು. ಹೆಂಡತಿ ನೀಲಮ್ಮನವರು ಗಂಗೆಯ ದಡದಲ್ಲಿ ಇಷ್ಟು ವರ್ಷ ಕಳೆದರೂ ಹಿಂದಿಯನ್ನು ಹೊಸ್ತಿಲಾಚೆ ನಿಲ್ಲಿಸಿದವರು. ಒಬ್ಬನೇ ಮಗ ಶಿವು ಅದೇ ಹಿಂದಿಯನ್ನು ಅಡುಗೆಮನೆಯವರೆಗೆ ಕರೆತಂದವನು. ಶಿವಾಲದ ಗಲ್ಲಿಯಲ್ಲೇ ಆಡಿ ಬೆಳೆದು, ಈಗ ಕಾನ್ಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಬರುತ್ತಿರಲಿಲ್ಲ. ತಾಯಿ ಕನ್ನಡದಲ್ಲಿ ಕೇಳುವಳು, ಮಗ ಭೋಜಪುರಿ ಬೆರೆಸಿದ ಹಿಂದಿಯಲ್ಲಿ ಉತ್ತರಿಸುವನು; ಅವರ ಸಂಭಾಷಣೆ ಎರಡು ಆಕಾಶವಾಣಿ ನಿಲಯಗಳು ಒಟ್ಟಿಗೇ ಕೇಳಿಸಿದಂತಿರುತ್ತಿತ್ತು. ರೇವಣಯ್ಯನವರಿಗೆ ಇದೊಂದು ಕೊರಗು. “ನನ್ನ ಮಗಾ ನನ್ನ ಮನ್ಯಾಗ ಪರದೇಸಿ ಆಗ್ಯಾನ್ರಿ ಸರ” ಎಂದು ನನ್ನೆದುರು ಆಗಾಗ ನಿಟ್ಟುಸಿರು ಬಿಡುತ್ತಿದ್ದರು.

ಇಂಥ ಸಾಧುಜೀವಿಗೆ ಪಿಸ್ತೂಲು ಏಕೆ ಬೇಕಾಯಿತು ಎಂದರೆ, ನಮ್ಮ ಮೊಹಲ್ಲಾದ ಲಲ್ಲನ್ ಬಾಬು ಎಂಬ ಪ್ರತಿಷ್ಠಿತ ಪುಂಡನಿಗೆ ಛತ್ರದ ಬೀದಿಬದಿಯ ಕೋಣೆಗಳ ಮೇಲೆ ಮನಸ್ಸಾಗಿತ್ತು. ಒಂದು ದಿನ ಆತ ಬಂದು, ಬಾಗಿಲ ಚೌಕಟ್ಟಿಗೆ ಒರಗಿ, “ರೇವನ್ ಬಾಬೂ, ಖಾಲೀ ಕರ್ ದಾ. ನಾಹೀಂ ತ ಕೇವಾಡೀ ತೋಡ್ ದೇಬ್” ಎಂದು ಬಹಳ ಪ್ರೀತಿಯಿಂದ ಹೇಳಿಹೋದ. ಬಾಗಿಲು ಮುರಿಯುತ್ತೇನೆಂಬ ಈ ಮಾತು ರೇವಣಯ್ಯನವರ ನಿದ್ರೆಯನ್ನು ಅಂದೇ ಮುರಿಯಿತು. ಪೊಲೀಸರು ದೂರನ್ನು ಸಹಾನುಭೂತಿಯಿಂದ ಆಲಿಸಿ, ಬಾಗಿಲು ಮುರಿದ ಮೇಲೆ ಬರುವಂತೆ ಸಲಹೆ ಕೊಟ್ಟರು.

ಆ ಸೀಮೆಯಲ್ಲಿ ಬಂದೂಕು ಎಂಬುದು ಆಯುಧಕ್ಕಿಂತ ಹೆಚ್ಚಾಗಿ ಆಭರಣ. ಮದುವೆಯ ದಿಬ್ಬಣದಲ್ಲಿ ಬ್ಯಾಂಡಿಗಿಂತ ಮುಂದೆ ಅದು ಮೊಳಗಬೇಕು. ವರನ ಯೋಗ್ಯತೆ ಪದವಿಯಲ್ಲಿಲ್ಲ, ಅವನ ಚಿಕ್ಕಪ್ಪಂದಿರ ಹೆಗಲುಗಳಲ್ಲಿದೆ. ಆದ್ದರಿಂದ ಲೈಸೆನ್ಸಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ರೇವಣಯ್ಯನವರನ್ನು ಜನ ಮೊದಲ ಸಲ ‘ಸಾಹೇಬರೇ’ ಎಂದರು. ಅಂತೂ ಕಂಟೋನ್ಮೆಂಟಿನ ಒಂದು ಅಂಗಡಿಯಿಂದ, ಯಾವನೋ ಜಮೀನ್ದಾರ ಬಳಸಿ ಬಿಟ್ಟಿದ್ದ, ಅಂಗೈಯಗಲದ ವಿದೇಶಿ ಪಿಸ್ತೂಲೊಂದು ಛತ್ರಕ್ಕೆ ಬಿಜಯಂಗೈದಿತು. ಅದು ಅರೆ-ಸ್ವಯಂಚಾಲಿತವಂತೆ: ಒಂದು ಗುಂಡು ಹಾರಿದೊಡನೆ ಮುಂದಿನದು ತಾನೇ ಬಂದು ಸ್ಥಾನದಲ್ಲಿ ಕೂರುತ್ತದೆ, ಟ್ರಿಗರನ್ನು ಮಾತ್ರ ಪ್ರತಿಸಲವೂ ನಾವೇ ಒತ್ತಬೇಕು.

“ಭಾಳ ಛಲೋ ಮಾಲ್ ಐತ್ರಿ ಸರ. ಹೊಸಾದರ ಅರ್ಧಾ ರೊಕ್ಕಕ್ಕ ಬಂತು” ಎಂದು ಅವರು ಅದನ್ನು ಹಾಲುಗಲ್ಲದ ಕೂಸಿನಂತೆ ನನ್ನ ಕೈಗಿತ್ತರು.

ಅರ್ಧ ಬೆಲೆ ತೆತ್ತವರಿಗೆ ಅರ್ಧ ಕ್ರಿಯೆ ನ್ಯಾಯವೇ ಎಂಬುದು, ಪರೀಕ್ಷೆಗೆಂದು ನಾವು ದೋಣಿಯಲ್ಲಿ ಗಂಗೆಯಾಚೆಯ ಮರಳುದಿಣ್ಣೆಗೆ ಹೋದಾಗ ಸಿದ್ಧವಾಯಿತು. ಚಹಾ ಕುಡಿದ ಮಣ್ಣಿನ ಕುಡಿಕೆಯೊಂದನ್ನು ಮರಳಿನಲ್ಲಿ ನೆಟ್ಟು ರೇವಣಯ್ಯನವರು ಕಣ್ಣು ಮುಚ್ಚಿ ಗುರಿಯಿಟ್ಟರು. ಮೊದಲ ಗುಂಡು ಗಂಗೆಗೆ ತಗುಲಿತು. ಗಂಗೆ ವಿಶಾಲವಾಗಿದ್ದಾಳೆ, ತಪ್ಪಿಸಿಕೊಳ್ಳಲಾರಳು. ಎರಡನೆಯದು ಹಾರಲಿಲ್ಲ. ಖಾಲಿ ತೋಟೆ ಹೊರಬೀಳುವ ಬದಲು ಅಲ್ಲೇ ಬಾಯಿ ಕಚ್ಚಿಕೊಂಡು ಕೂತಿತ್ತು. ಅದನ್ನು ಕಿತ್ತು, ಕೊಡವಿ, ಊದಿ, ಇನ್ನು ಸಾಕೆಂದು ಕೈಚೀಲಕ್ಕೆ ಸೇರಿಸುವಾಗ ಮೂರನೆಯ ಗುಂಡು ಯಾರ ಅಪ್ಪಣೆಯನ್ನೂ ಕೇಳದೆ ಹೊರಟು, ನೀಲಮ್ಮನವರು ಕಟ್ಟಿಕೊಟ್ಟಿದ್ದ ಬುತ್ತಿಯ ಡಬ್ಬಿಯನ್ನು ಭೇದಿಸಿತು. ಅಷ್ಟರಲ್ಲಿ ನಾನು ವಿಶ್ವವಿದ್ಯಾಲಯದ ಘನತೆಯನ್ನೆಲ್ಲ ಮರೆತು ಅಂಬಿಗನ ಬೆನ್ನಿನ ಹಿಂದೆ ಆಶ್ರಯ ಪಡೆದಿದ್ದೆ. ಅಂಬಿಗ ಡಬ್ಬಿಯ ಕಡೆ ನೋಡಿ, “ಕಾ ಗುರೂ, ರೋಟೀ ಕೇ ಶಿಕಾರ್ ಕಇಲಾ?” ಎಂದ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ನಾನು ವರ್ಷವಿಡೀ ಪಾಠ ಮಾಡುತ್ತೇನೆ. ಈ ಯಂತ್ರದಲ್ಲಿ ಹೊಗೆ, ಬೆಂಕಿ, ಗುಂಡು ಮೂರೂ ಬೇರೆ ಬೇರೆ ವೇಳಾಪಟ್ಟಿಯಲ್ಲಿ ಸಂಚರಿಸುತ್ತಿದ್ದವು.

ಅದೇ ವರ್ಷ ನವರಾತ್ರಿ ಬಂತು. ಕಾಶಿಯ ಜನ ದಸರೆಗೆ ರಾವಣನನ್ನು ಸುಟ್ಟು ಕೈತೊಳೆದುಕೊಂಡರೆ, ನಮ್ಮವರಿಗೆ ಆಯುಧಪೂಜೆ ಆಗದೆ ಹಬ್ಬ ಮುಗಿಯುವುದಿಲ್ಲ. ಹಿಂದಿನ ವರ್ಷಗಳಲ್ಲಿ ಛತ್ರದ ಶಸ್ತ್ರಾಗಾರವೆಂದರೆ ರೇವಣಯ್ಯನವರ ಸೈಕಲ್ಲು, ಸುತ್ತಿಗೆ, ನೀಲಮ್ಮನವರ ಈಳಿಗೆಮಣೆ, ಮತ್ತು ವಿದ್ಯಾವಂತನ ಆಯುಧವೆಂದು ನನ್ನಿಂದ ಒತ್ತಾಯವಾಗಿ ಇಸಿದುಕೊಂಡ ಪೆನ್ನು. ಈ ಸಲ ಮೊತ್ತಮೊದಲಿಗೆ ಒಂದು ನಿಜವಾದ ಆಯುಧವೇ ಇತ್ತಲ್ಲ! ಪಿಸ್ತೂಲನ್ನು ಮಣೆಯ ನಡುಮಧ್ಯೆ ಕೂರಿಸಿ, ನೀಲಮ್ಮನವರು ಅದಕ್ಕೆ ಗಂಗೋದಕದ ಸ್ನಾನ ಮಾಡಿಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳುಗಳಲ್ಲಿ ಎತ್ತಿ, ಅದರ ಬೆನ್ನಿಗೆ, ಬದಿಗೆ, ಬಾಯಿಗೆ, ಸಂದುಗೊಂದುಗಳಿಗೆಲ್ಲ ಧಾರಾಳವಾಗಿ ಬಳಿದರು. ಯಂತ್ರಕ್ಕೆ ಇದು ಆಗದೆಂದು ನಾನು ಮೆಲ್ಲಗೆ ಸೂಚಿಸಿದೆ. “ಮನಷ್ಯಾರಿಗೆ ಆಗ್ತದ, ದನಕ್ಕ ಆಗ್ತದ, ಇದಕ್ಕ್ಯಾಕ ಆಗೂದಿಲ್ಲರಿ?” ಎಂದರು ಅವರು. ತರ್ಕದಲ್ಲಿ ಸೋಲುವುದು ನನಗೆ ಅಭ್ಯಾಸವಾಗಿತ್ತು. ಪೂಜೆಯ ವಿಭೂತಿಯನ್ನು ಕೈಯಾರೆ ಒರೆಸಬಾರದು, ಅದು ತಾನಾಗಿ ಉದುರಬೇಕು ಎಂಬುದು ಆ ಮನೆಯ ಕಟ್ಟಳೆ. ಹೀಗಾಗಿ ಪಿಸ್ತೂಲು ಮೈತುಂಬ ವಿಭೂತಿ ಧರಿಸಿಯೇ ರೇವಣಯ್ಯನವರ ದಿಂಬಿನಡಿಗೆ ಮರಳಿತು. ಶಿವನ ಊರಿನಲ್ಲಿ ಅಷ್ಟು ನಿಷ್ಠೆಯ ಶರಣ ಮತ್ತೊಬ್ಬನಿರಲಿಲ್ಲ.

ಚಳಿಗಾಲ ಬಂತು. ಕಾಶಿಯ ಮಂಜನ್ನು ಕಾಣದವರಿಗೆ ಹೇಳುವುದು ಕಷ್ಟ: ಬೆಳಗಾದರೂ ಎದುರುಮನೆ ಇರುವುದಿಲ್ಲ, ಕೈ ಚಾಚಿದರೆ ಕೈಯೂ ಇರುವುದಿಲ್ಲ. ಅಂಥ ಒಂದು ಬೆಳಗ್ಗೆ, ಸೂರ್ಯ ಎದ್ದಿದ್ದಾನೆಂದು ಕೇವಲ ಶಾಸ್ತ್ರಪ್ರಮಾಣದಿಂದ ನಂಬಿಕೊಂಡು ನಾನು ಬಿಸಿನೀರಿಗಾಗಿ ಮಹಡಿಯಿಂದ ಇಳಿಯುತ್ತಿದ್ದೆ. ಆಗಲೇ ಕೆಳಗೆ ಬೀದಿಬಾಗಿಲಲ್ಲಿ ಧಡಧಡ ಸದ್ದಾಯಿತು. ಒರಟಾದ, ಕಟ್ಟಿದ ದನಿಯೊಂದು ಹೊರಗಿನಿಂದ ಗರ್ಜಿಸಿತು:

“ಏ ರೇವನ್ ಬಾಬೂ! ಖೋಲಾ ಹೋ! ನಾಹೀಂ ತ ಕೇವಾಡೀ ತೋಡ್ ದೇಬ್!”

ರೇವಣಯ್ಯನವರು ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಪಿಸ್ತೂಲಿತ್ತು. ಅವರ ಮುಖ ನೋಡಿ ನನಗೆ ಭಯವಾಯಿತು. ತಿಂಗಳುಗಟ್ಟಲೆ ಹೆದರಿದ ಮನುಷ್ಯ ಹೆದರಿ ಹೆದರಿ ದಣಿದು, ಇನ್ನು ಏನಾದರೂ ಆಗಿಹೋಗಲಿ ಎನ್ನುವ ಹಂತಕ್ಕೆ ಬಂದಿದ್ದ. ಬೇಡವೆಂದು ಕೂಗಬೇಕೆಂದಿದ್ದೆ. ನನ್ನ ಗಂಟಲೂ ನನ್ನ ಛತ್ರಿಯ ಜಾತಿಯದೇ, ಸಮಯಕ್ಕೆ ಅರಳಲಿಲ್ಲ. ಅವರು ಎಡಗೈಯಿಂದ ಅಗುಳಿ ಸರಿಸಿ ಹಿಂದಕ್ಕೆ ಹಾರಿದರು. ಬಾಗಿಲು ತೆರೆದು ಮಂಜು ಒಳನುಗ್ಗಿತು. ಅದರೊಂದಿಗೆ ತಲೆಯಿಂದ ಮೊಣಕಾಲವರೆಗೆ ಕಂಬಳಿ ಹೊದ್ದು, ಕಣ್ಣುಗಳಷ್ಟೇ ಕಾಣುವ ಒಂದು ಆಕಾರ, ಕೈಯಲ್ಲಿ ಎತ್ತಿ ಹಿಡಿದ ಕೋಲು. ರೇವಣಯ್ಯನವರು ಅದರ ಎದೆಗೆ ಗುರಿಯಿಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ. ಟ್ರಿಗರ್ ಒತ್ತಿದರು.

ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಆಗಲೂ ಏನೂ ಆಗಲಿಲ್ಲ.

ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದ ನೀಲಮ್ಮನವರು, “ಶಿವು ಬಂದ ಅಲ್ರೀ? ಅವನ ದನಿ ಕೇಳ್ತು!” ಎಂದರು. ಕಂಬಳಿಯೊಳಗಿನಿಂದ ನಗು ಸಿಡಿಯಿತು. ಮುಷ್ಕರದ ದೆಸೆಯಿಂದ ಕಾಲೇಜು ಮುಚ್ಚಿ, ಹಾಸ್ಟೆಲಿನಿಂದ ಎಲ್ಲರನ್ನೂ ಹೊರಹಾಕಿದ್ದರಂತೆ. ಮಂಜಿನಲ್ಲಿ ತಡವಾಗಿ ಬಂದ ರೈಲಿನಿಂದಿಳಿದು, ನೆಗಡಿಯ ದನಿಯಲ್ಲಿ, ಹಾಕಿ ಕೋಲು ಬೀಸುತ್ತ, ಗಲ್ಲಿಯ ಹುಡುಗರಿಗೆಲ್ಲ ಬಾಯಿಪಾಠವಾಗಿದ್ದ ಲಲ್ಲನ್ ಬಾಬುವಿನ ಬೆದರಿಕೆಯನ್ನು ಅಣಕಿಸಿ ಅಪ್ಪನಿಗೊಂದು ಚೇಷ್ಟೆ ಮಾಡೋಣವೆಂದು ಹುಡುಗನಿಗೆ ಅನ್ನಿಸಿತ್ತು.

ಇಲ್ಲಿ ಒಂದು ಗಳಿಗೆ ನಿಂತು, ಅಗ್ಗದ ಪಿಸ್ತೂಲುಗಳ ಗುಣಮಟ್ಟದ ಬಗ್ಗೆ ನನ್ನ ತೀರ್ಪನ್ನು ಹೇಳಿಬಿಡುತ್ತೇನೆ. ಪೂರ್ತಿ ಬೆಲೆ ತೆತ್ತು ಕೊಂಡ, ಎಣ್ಣೆಯೂಡಿಸಿ ಒರೆಸಿಟ್ಟ, ನಂಬಿಕೆಗೆ ಅರ್ಹವಾದ ಉತ್ತಮ ಪಿಸ್ತೂಲಾಗಿದ್ದರೆ, ಅದು ಹೇಳಿದ ಕೆಲಸವನ್ನು ಹೇಳಿದ ಕ್ಷಣದಲ್ಲಿ ಮಾಡಿ ಮುಗಿಸುತ್ತಿತ್ತು. ತಯಾರಕರು ಅದನ್ನೇ ದೊಡ್ಡ ಗುಣವೆಂದು ಸಾರುತ್ತಾರೆ. ನಮ್ಮದು ಮಾತ್ರ ತಿಂಗಳುಗಳ ವಿಭೂತಿಯನ್ನು ಸಂದುಸಂದಿನಲ್ಲೂ ಗಟ್ಟಿ ಗಾರೆಯಂತೆ ತುಂಬಿಕೊಂಡು ಮೌನವ್ರತ ಹಿಡಿದಿತ್ತು. ಮುಂದೆ ಅದನ್ನು ಠಾಣೆಗೆ ಒಪ್ಪಿಸಲು ಹೋದಾಗ ದಾರೋಗಾ ಸಾಹೇಬರು ಎಳೆದು, ಗುದ್ದಿ, ಇದು ತೀರಾ ಬೇಕಾರ್ ಮಾಲು, ನಿಮಗೆ ಟೋಪಿ ಹಾಕಿದ್ದಾರೆ ಎಂದು ಮರುಗಿದರು. ರೇವಣಯ್ಯನವರು ಆ ಬೇಕಾರ್ ಮಾಲಿಗೆ ಕೈಮುಗಿದು ಹೊರಬಂದರು. ಅಂದಹಾಗೆ ಲಲ್ಲನ್ ಬಾಬು ಬಾಗಿಲು ಮುರಿಯಲು ಬರಲೇ ಇಲ್ಲ. ನಮ್ಮನ್ನು ಬೆದರಿಸಿದ ಮಾರನೆಯ ವಾರವೇ ಗೋದೌಲಿಯಾದಲ್ಲಿ ಇನ್ನಾರದೋ ಕೋಣೆ ಸಿಕ್ಕಿ, ಆತ ನಮ್ಮನ್ನು ಮರೆತೇಬಿಟ್ಟಿದ್ದನಂತೆ. ಪುಂಡರಿಗೆ ಎಷ್ಟು ಕೆಲಸಗಳಿರುತ್ತವೆ, ಪಾಪ.

ಆ ಬೆಳಗ್ಗೆ ಮಾತ್ರ ಇದೊಂದೂ ನಮಗೆ ತಿಳಿದಿರಲಿಲ್ಲ. ಶಿವು ಇನ್ನೂ ನಗುತ್ತಲೇ ಇದ್ದ. “ಬಾಬೂಜೀ, ಡರ್ ಗಯೇ ಕ್ಯಾ? ಯೇ ಖಿಲೌನಾ ಕಹಾಂ ಸೇ ಲಾಯೇ?” ಎಂದ. ಆಟಿಕೆ ಎಂದು ತಿಳಿದಿದ್ದ ಅದನ್ನು ತೆಗೆದುಕೊಳ್ಳಲು ಕೈ ಚಾಚಿದವನು, ಅದನ್ನು ಹಿಡಿದಿದ್ದ ಬೆರಳುಗಳು ಬಿಚ್ಚಿಕೊಳ್ಳದಿರುವುದನ್ನು ಕಂಡ. ನಗು ನಿಂತುಹೋಯಿತು. ತಂದೆಯ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ರೇವಣಯ್ಯನವರೂ ಇದ್ದಲ್ಲೇ ನೆಲಕ್ಕೆ ಕೂತರು. ನೀಲಮ್ಮನವರು ಬಂದು, ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಿಸ್ತೂಲನ್ನು ತೆಗೆದು ದೂರವಿಟ್ಟರು. ನೆಲದ ಮೇಲೆ ಬಿಳಿಯ ಪುಡಿ ಉದುರಿತು.

ರೇವಣಯ್ಯನವರು ಮಗನ ಕಡೆ ಮುಖವೆತ್ತಿದರು.

“ಶಿವೂ, ಒಂದು ಮಾತು ಕನ್ನಡದಾಗ ಅನ್ನೋ. ಏನರ ಅನ್ನು.”

ಹುಡುಗ ತಂದೆಯೆದುರು ಮೊಣಕಾಲೂರಿ ಕೂತ. ಬಾಲ್ಯದ ಯಾವ ಮೂಲೆಯಿಂದಲೋ ಪದಗಳನ್ನು ಹುಡುಕುತ್ತಿದ್ದಾನೆಂದು ಕಣ್ಣುಗಳೇ ಹೇಳುತ್ತಿದ್ದವು. ಕೊನೆಗೆ, “ಅಪ್ಪಾ… ನನಗ… ಹಸಿವು ಲಗಾ ಐತಿ” ಎಂದ.

ನೀಲಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ಓಡಿದರು. ರೇವಣಯ್ಯನವರು ಕಂಬಳಿಯನ್ನು ಸರಿಸಿ, ಮಗನ ತಣ್ಣಗಿನ ಮುಖವನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡರು.

“ಇನ್ನೊಮ್ಮೆ ಅನ್ನಪಾ” ಎಂದರು.